ಪಾಳು ನೆಲದ ಹಕ್ಕಿ



ಪುಣೆಯಿಂದ ದಿವೆ ಘಾಟ ಹತ್ತಿದರೆ ಸಾಸವಡದ ಬಯಲು. ಜ್ಞಾನೇಶ್ವರರ ಪಾಲಕಿ ಪಂಢರಪುರಕ್ಕೆ ಹೋಗುವ ದಾರಿ ಅದು. ಆಷಾಢದಲ್ಲಿ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಉಳಿದ ದಿನ ಗಾಳಿ, ಬಿಸಿಲು, ಕಲ್ಲು, ಮೊಣಕಾಲುದ್ದದ ಒಣಹುಲ್ಲು. ಮರಾಠಿಯಲ್ಲಿ ಇಂಥ ನೆಲಕ್ಕೆ ಮಾಳರಾನ ಅನ್ನುತ್ತಾರೆ. ನಮ್ಮ ಧಾರವಾಡ ಕಡೆ ಮಡ್ಡಿ ಅನ್ನುತ್ತೇವೆ.

ಪುಣೆಗೆ ಬಂದು ನೆಲೆಸಿದ ಹೊಸದರಲ್ಲಿ ಒಂದು ಬೆಳಗ್ಗೆ ಆ ಮಾಳದ ಮೇಲೆ ನಿಂತಿದ್ದೆ. ಗುಬ್ಬಿಯಷ್ಟೇ ಗಾತ್ರದ, ಕೆಮ್ಮಣ್ಣಿನ ಬಣ್ಣದ, ತಲೆಯ ಮೇಲೆ ಚೂಪು ಜುಟ್ಟಿನ ಒಂದು ಹಕ್ಕಿ ಕಲ್ಲಿನ ಮೇಲೆ ಕೂತು ಹಾಡುತ್ತಿತ್ತು. ತನ್ನ ಹಾಡು ಮುಗಿಸಿ ಬೇರೆ ಹಕ್ಕಿಗಳ ದನಿಯನ್ನೂ ನಡುನಡುವೆ ತೆಗೆಯುತ್ತಿತ್ತು. ಕುರಿ ಮೇಯಿಸುತ್ತಿದ್ದ ಧನಗರ ಮುದುಕರೊಬ್ಬರು ನನ್ನ ಪಕ್ಕ ಬಂದು ನಿಂತರು. ಏನು ನೋಡುತ್ತಿದ್ದೀರಿ ಎಂದು ಕೇಳಿದರು. ಆ ಹಕ್ಕಿ ಎಂದೆ. "ಚಂಡೋಲ," ಎಂದರು. ಯಾವ ಊರು ಎಂದು ಕೇಳಿ, ಧಾರವಾಡ ಅಂದ ಕೂಡಲೆ ಅವರ ಮುಖ ಅರಳಿತು. ಹತ್ತಿರದಲ್ಲೇ ಜೇಜುರಿ ಇದೆ. ಅಲ್ಲಿಯ ಖಂಡೋಬ ನಮ್ಮ ಮೈಲಾರಲಿಂಗ. ದೇವರು ಒಂದೇ ಆದ ಮೇಲೆ ಮಾತಿಗೆ ಏನು ಕಡಿಮೆ? ಅರ್ಧ ತಾಸು ಮಾತಾಡಿದೆವು.

ಮನೆಗೆ ಬಂದು ಪುಸ್ತಕ ತೆರೆದೆ. ಆ ಚಂಡೋಲಕ್ಕೆ ವಿಜ್ಞಾನದಲ್ಲಿ ಗ್ಯಾಲರಿಡಾ ದೇವಾ ಎಂದು ಹೆಸರು. ಇಂಗ್ಲಿಷಿನಲ್ಲಿ ಸೈಕ್ಸ್‌ನ ಲಾರ್ಕ್. ಹೆಸರಿಟ್ಟ ವರ್ಷ 1832. ಈ ಸೈಕ್ಸ್ ಯಾರು ಎಂದು ಹುಡುಕುತ್ತಾ ಹೋದವನಿಗೆ ಒಂದು ದೊಡ್ಡ ಕಥೆಯೇ ಸಿಕ್ಕಿತು. ಅದರ ಕೊನೆ ನಮ್ಮ ಧಾರವಾಡದ ಎರಿಹೊಲಕ್ಕೆ ಬಂದು ಮುಟ್ಟಿತು. ಅದನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ಸೈಕ್ಸನಿಗಿಂತ ಮುಂಚೆ ಅಂಥದೇ ಕೆಲಸಕ್ಕೆ ಹೊರಟವರಿದ್ದರು. ಅಮೆರಿಕದಲ್ಲಿ ಲೂಯಿಸ್ ಮತ್ತು ಕ್ಲಾರ್ಕ್ ಎಂಬ ಇಬ್ಬರು ಸೇನಾಧಿಕಾರಿಗಳ ಪಯಣವನ್ನು ನಿಮ್ಮಲ್ಲಿ ಹಲವರು ಶಾಲೆಯಲ್ಲಿ ಓದಿರಬಹುದು. 1803ರಲ್ಲಿ ಅಮೆರಿಕ ಸರಕಾರ ಫ್ರಾನ್ಸಿನಿಂದ ಲೂಸಿಯಾನಾ ಎಂಬ ಅಪಾರ ಸೀಮೆಯನ್ನು 1.5 ಕೋಟಿ ಡಾಲರಿಗೆ ಕೊಂಡಿತು. ಕೊಂಡವರಿಗೆ ತಾವು ಕೊಂಡಿದ್ದು ಏನೆಂದು ತಿಳಿದಿರಲಿಲ್ಲ. ಅಲ್ಲಿ ನದಿ ಎಲ್ಲಿ ಹುಟ್ಟುತ್ತದೆ, ಬೆಟ್ಟ ಎಷ್ಟು ಎತ್ತರ, ಯಾವ ಜನ, ಯಾವ ಪ್ರಾಣಿ, ಯಾವ ಹವೆ, ಇದನ್ನೆಲ್ಲ ಬರೆದು ತನ್ನಿ ಎಂದು ಅಧ್ಯಕ್ಷ ಜೆಫರ್ಸನ್ ಈ ಇಬ್ಬರನ್ನು ಕಳಿಸಿದ. 1804ರ ಮೇ ತಿಂಗಳಲ್ಲಿ ಹೊರಟವರು ಪೆಸಿಫಿಕ್ ಕಡಲನ್ನು ಮುಟ್ಟಿ 1806ರ ಸೆಪ್ಟೆಂಬರಿನಲ್ಲಿ ಹಿಂದಿರುಗಿದರು.

ದಖ್ಖನ್ನಿನಲ್ಲಿ ನಡೆದದ್ದೂ ಹೆಚ್ಚು ಕಡಿಮೆ ಇದೇ. 1817ರ ನವೆಂಬರ್ 5ರಂದು ಪುಣೆಯ ಹೊರಗೆ ಖಡಕಿಯಲ್ಲಿ ಪೇಶ್ವೆಯ ಪಡೆಗೂ ಈಸ್ಟ್ ಇಂಡಿಯಾ ಕಂಪನಿಯ ಪಡೆಗೂ ಯುದ್ಧವಾಯಿತು. ಮರುವರ್ಷ ಪೇಶ್ವೆ ಎರಡನೆಯ ಬಾಜೀರಾಯ ಶರಣಾದ. ಒಂದೇ ಏಟಿಗೆ ಪುಣೆ, ಅಹಮದನಗರ, ಖಾನದೇಶ, ಧಾರವಾಡ ಈ ನಾಲ್ಕೂ ಸೀಮೆ ಕಂಪನಿಯ ಕೈಗೆ ಬಂದವು. ಗೆದ್ದವರಿಗೆ ಇಲ್ಲಿಯೂ ತಾವು ಗೆದ್ದದ್ದೇನು ಎಂಬುದರ ಲೆಕ್ಕ ಬೇಕಾಯಿತು. 1824ರ ಅಕ್ಟೋಬರಿನಲ್ಲಿ ಮುಂಬಯಿಯ ಗವರ್ನರ್ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ಒಬ್ಬ ಸೇನಾಧಿಕಾರಿಯನ್ನು ಅಂಕಿಅಂಶಗಳ ವರದಿಗಾರ ಎಂದು ನೇಮಿಸಿದ. ಅವನೇ ವಿಲಿಯಂ ಹೆನ್ರಿ ಸೈಕ್ಸ್. ಲೂಯಿಸ್ ಮತ್ತು ಕ್ಲಾರ್ಕ್ ದೋಣಿ ಬಿಟ್ಟ ಅದೇ 1804ರಲ್ಲಿ ಕಂಪನಿಯ ಮುಂಬಯಿ ಸೇನೆ ಸೇರಿದ್ದವನು. ಖಡಕಿಯ ಯುದ್ಧದಲ್ಲಿ ತಾನೇ ಪಡೆ ನಡೆಸಿದ್ದವನು. ಕತ್ತಿ ಹಿಡಿದು ಬಂದ ನೆಲಕ್ಕೇ ಅಳತೆಗೋಲು ಹಿಡಿದು ಮರಳಿ ಬಂದ.

ಆ ಅಕ್ಟೋಬರ್ ತಿಂಗಳನ್ನು ಕನ್ನಡಿಗರಾದ ನಾವು ಸುಲಭವಾಗಿ ದಾಟಿಹೋಗಲಾರೆವು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಪುಣೆಯ ಕಡೆ ನಾಲ್ಕು ಜಿಲ್ಲೆಗಳ ಹಕ್ಕಿ, ಮೀನು, ಮಳೆ, ಹೊಲ ಎಲ್ಲವನ್ನೂ ಪಟ್ಟಿ ಮಾಡಲು ಆಜ್ಞೆ ಹೊರಟ ತಿಂಗಳಲ್ಲೇ ಆ ನಾಲ್ಕರಲ್ಲಿ ಒಂದು ಜಿಲ್ಲೆ ಕಿತ್ತೂರಿನ ರಾಣಿ ಚೆನ್ನಮ್ಮನ ಬಾಯಿಂದ ಇದು ನಿಮ್ಮ ನೆಲವಲ್ಲ ಎಂದು ಹೇಳುತ್ತಿತ್ತು. ಆ ದಿನ ಕೋಟೆಯಲ್ಲಿ ಇಬ್ಬರು ತರುಣ ಬ್ರಿಟಿಷ್ ಅಧಿಕಾರಿಗಳು ಸೆರೆಯಾದರು. ಅವರಲ್ಲಿ ಒಬ್ಬ 21 ವರ್ಷದ ವಾಲ್ಟರ್ ಎಲಿಯಟ್. ಈ ಹೆಸರನ್ನು ನೆನಪಿಡಿ, ಮುಂದೆ ಬರುತ್ತದೆ.

ಈಗ ಸೈಕ್ಸ್ ಏನು ಮಾಡಿದ ನೋಡೋಣ. ಅವನು ಡೇರೆ ಕಟ್ಟಿಕೊಂಡು ಊರೂರು ತಿರುಗಿದ. ಅವನ ಉಪಕರಣಗಳಲ್ಲಿ ನನಗೆ ಬಹಳ ಪ್ರೀತಿಯಾದದ್ದು ಕುದಿಯುವ ನೀರು. ಹೌದು, ಒಲೆಯ ಮೇಲೆ ಕುದಿಯುವ ನೀರೇ. ಬೆಟ್ಟದ ಎತ್ತರ ಅಳೆಯಲು ವಾಯುಭಾರ ಮಾಪಕ ಬೇಕು. ಆದರೆ ಪಾದರಸ ತುಂಬಿದ ಆ ಉದ್ದ ಗಾಜಿನ ಕೊಳವೆ ಎತ್ತಿನ ಗಾಡಿಯ ಕುಲುಕಾಟಕ್ಕೆ ಒಡೆದುಹೋಗುತ್ತಿತ್ತು. ಹಾಗಾಗಿ ಸೈಕ್ಸ್ ಸಾಧಾರಣ ಉಷ್ಣಮಾಪಕವನ್ನು ಕುದಿನೀರಿನಲ್ಲಿ ಇಟ್ಟು ಎತ್ತರ ಲೆಕ್ಕ ಹಾಕಿದ. ಕಡಲ ದಂಡೆಯಲ್ಲಿ ನೀರು 212 ಡಿಗ್ರಿ ಫ್ಯಾರನ್‌ಹೀಟಿಗೆ ಕುದಿಯುತ್ತದೆ. ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿದು, ಸಾವಿರ ಅಡಿಗೆ ಸುಮಾರು ಎರಡು ಡಿಗ್ರಿಯಂತೆ ಕಡಿಮೆ ಬಿಸಿಗೇ ಕುದಿ ಬರುತ್ತದೆ. ಪುಣೆ 1800 ಅಡಿಯ ಮೇಲೆ ಇದೆ. ಇಲ್ಲಿ ನೀರು 208, 209ಕ್ಕೇ ಕುದಿಯತೊಡಗುತ್ತದೆ. ಪುರಂದರ ಗಡದ ಮೇಲೆ ಇನ್ನೂ ಬೇಗ. ಎತ್ತರದ ಊರಲ್ಲಿ ಬೇಳೆ ತಡವಾಗಿ ಬೇಯುತ್ತದೆ ಎಂದು ನಮ್ಮ ಅಡಿಗೆಮನೆಯವರಿಗೆ ಗೊತ್ತಿರುವ ಸಂಗತಿಯೇ ಅವನ ಕೈಯಲ್ಲಿ ಅಳತೆಗೋಲಾಯಿತು. ಈ ವಿಧಾನದ ಬಗ್ಗೆ ಅವನು 1838ರಲ್ಲಿ ಲಂಡನ್ನಿನ ರಾಯಲ್ ಭೂಗೋಳ ಸಂಘದ ಪತ್ರಿಕೆಯಲ್ಲಿ ಬರೆದ.

ಇನ್ನೊಂದು, ಗಾಳಿಯ ಉಬ್ಬರ ಇಳಿತ. ಕಡಲಿಗೆ ಉಬ್ಬರ ಇಳಿತ ಇರುವಂತೆ ನಮ್ಮ ತಲೆಯ ಮೇಲಿನ ಗಾಳಿಗೂ ಇದೆ. ದಿನಕ್ಕೆ ಎರಡು ಸಲ, ಬೆಳಗ್ಗೆ ಹತ್ತರ ಸುಮಾರಿಗೆ ಮತ್ತು ರಾತ್ರಿ ಹತ್ತರ ಸುಮಾರಿಗೆ, ಗಾಳಿಯ ಒತ್ತಡ ಏರುತ್ತದೆ. ಸಂಜೆ ನಾಲ್ಕಕ್ಕೆ, ನಸುಕಿನ ನಾಲ್ಕಕ್ಕೆ ಇಳಿಯುತ್ತದೆ. ಏರಿಳಿತ ಒಂದಿಂಚು ಪಾದರಸದ ಹತ್ತನೆಯ ಒಂದು ಪಾಲಿನಷ್ಟು ಮಾತ್ರ. ಯುರೋಪಿನಲ್ಲಿ ದಿನಬೆಳಗಾದರೆ ಹವೆ ಬದಲಾಗುವುದರಿಂದ ಈ ಸಣ್ಣ ಲಯ ಮುಚ್ಚಿಹೋಗುತ್ತದೆ. ನಮ್ಮ ಉಷ್ಣವಲಯದಲ್ಲಿ ಗಡಿಯಾರದ ಹಾಗೆ ನಡೆಯುತ್ತದೆ. ಸೈಕ್ಸ್ ವರ್ಷಗಟ್ಟಲೆ ಹಗಲು ರಾತ್ರಿ ಅದನ್ನು ಬರೆದಿಟ್ಟು 1835ರಲ್ಲಿ ರಾಯಲ್ ಸೊಸೈಟಿಯ ಮುಂದೆ ದಖ್ಖನ್ನಿನ ಹವೆಯ ಪ್ರಬಂಧವಾಗಿ ಇಟ್ಟ. ಮುಂದೆ 1928ರಲ್ಲಿ ಭಾರತದ ಹವಾಮಾನ ಇಲಾಖೆಯ ಕೇಂದ್ರ ಕಚೇರಿ ಶಿಮ್ಲಾದಿಂದ ಪುಣೆಗೆ ಬಂತು. ಶಿವಾಜಿನಗರದ ಆ ಕಲ್ಲಿನ ಕಟ್ಟಡವನ್ನು ಪುಣೆಯ ಜನ ಇಂದಿಗೂ ಸಿಮ್ಲಾ ಆಫೀಸ್ ಎಂದೇ ಕರೆಯುತ್ತಾರೆ. ಅಲ್ಲಿ ಬಸ್ಸು ಇಳಿಯುವಾಗಲೆಲ್ಲ ನನಗೆ ಡೇರೆಯಲ್ಲಿ ದೀಪ ಹಿಡಿದು ನಸುಕಿನ ನಾಲ್ಕಕ್ಕೆ ಪಾದರಸ ನೋಡುತ್ತಿದ್ದ ಆ ಮನುಷ್ಯ ನೆನಪಾಗುತ್ತಾನೆ.

ಹಕ್ಕಿಗಳ ವಿಷಯಕ್ಕೆ ಬಂದರೆ, 1832ರಲ್ಲಿ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಮುಂದೆ ಅವನು ಇಟ್ಟ ಪಟ್ಟಿಯಲ್ಲಿ ದಖ್ಖನ್ನಿನ 230ಕ್ಕೂ ಹೆಚ್ಚು ಹಕ್ಕಿಗಳಿದ್ದವು. ಅವುಗಳಲ್ಲಿ 50ಕ್ಕೂ ಹೆಚ್ಚು ಹೊಸವು ಎಂದು ಅವನ ಎಣಿಕೆ. ನಮ್ಮ ಕೆರೆಯಂಚಿನಲ್ಲಿ ಕದಲದೆ ಕೂರುವ ಕೊಳದ ಬಕಕ್ಕೆ ಶಾಸ್ತ್ರೀಯ ಹೆಸರಿಟ್ಟವನು ಅವನೇ. ಬೇಲಿಯಲ್ಲಿ ಏಳೆಂಟು ಕೂಡಿ ಗದ್ದಲ ಮಾಡುವ ಬೂದು ಹರಟೆಮಲ್ಲ ಹಕ್ಕಿಗೆ ಗವರ್ನರ್ ಮಾಲ್ಕಮನ ಹೆಸರು, ಪಶ್ಚಿಮ ಘಟ್ಟದ ಕಾಡುಪಾರಿವಾಳಕ್ಕೆ ಗವರ್ನರ್ ಎಲ್ಫಿನ್‌ಸ್ಟನ್ನನ ಹೆಸರು ಅವನು ಕೊಟ್ಟದ್ದು.

ಇಲ್ಲಿ ನನಗೆ ಒಂದು ನೋವು ಇದೆ, ಹೇಳಿಬಿಡುತ್ತೇನೆ. ಆ ಹರಟೆಮಲ್ಲ ಯಾರಿಗೆ ಹೊಸದು? ಹೊಲದಲ್ಲಿ ಕಳೆ ತೆಗೆಯುವ ಹೆಣ್ಣುಮಗಳಿಗೆ ಹೊಸದಲ್ಲ. ಬಲೆ ಬೀಸಿ ಹೊಟ್ಟೆ ಹೊರೆಯುವ ಹರಣಶಿಕಾರಿಯವರಿಗೆ ಹೊಸದಲ್ಲ. ನನ್ನ ಪಕ್ಕ ನಿಂತ ಧನಗರ ಅಜ್ಜನಿಗೆ ಚಂಡೋಲ ಹೊಸದಲ್ಲ. ಆದರೆ ಹಕ್ಕಿಯ ಬೆನ್ನಿಗೆ ಅಂಟಿದ್ದು ಗವರ್ನರುಗಳ ಹೆಸರು.

ಸೈಕ್ಸನಿಗೆ ನ್ಯಾಯ ಸಲ್ಲಿಸಿಯೂ ಮಾತಾಡಬೇಕು. ಅವನು ಸ್ಥಳೀಯ ಹೆಸರುಗಳಿಗೆ ಕಿವಿ ಕೊಟ್ಟವನು. ಗುಂಪುಗುಂಪಾಗಿ ಬೇಟೆಯಾಡುವ ಕೆನ್ನಾಯಿಯನ್ನು ಅವನು 1831ರಲ್ಲಿ ವರ್ಣಿಸಿದಾಗ, ಮರಾಠರು ಇದನ್ನು ಕೋಳಸೂನ ಎನ್ನುತ್ತಾರೆ ಎಂದು ದಾಖಲಿಸಿ, ಲ್ಯಾಟಿನ್ ಹೆಸರಿನಲ್ಲಿ ದುಖುನೆನ್ಸಿಸ್, ಅಂದರೆ ದಖ್ಖನ್ನಿನದು, ಎಂದು ಸೇರಿಸಿದ. ರಷ್ಯದ ಕಡೆಯ ಕೆನ್ನಾಯಿಗೆ ಅದಕ್ಕೂ 20 ವರ್ಷ ಮೊದಲೇ ಪಲ್ಲಾಸ್ ಎಂಬ ವಿಜ್ಞಾನಿ ಹೆಸರಿಟ್ಟಿದ್ದರಿಂದ ನಮ್ಮದು ಉಪಜಾತಿಯಾಗಿ ಉಳಿಯಿತು. ಆದರೂ ದಖ್ಖನ್ನಿನ ಹೆಸರು ಅಳಿಯಲಿಲ್ಲ.

ಇನ್ನು ಮುಖ್ಯ ಮಾತಿಗೆ ಬರುತ್ತೇನೆ. ಜನವಿಲ್ಲದ ನೆಲ, ಖಾಲಿ ನೆಲ ಎನ್ನುವ ಮಾತು ಎಲ್ಲಿಂದ ಬಂತು?

ಅಮೆರಿಕದ ಆ ತಂಡ 1804ರ ಅಕ್ಟೋಬರಿನಲ್ಲಿ ಮಿಸೂರಿ ನದಿಯ ಮೇಲ್ದಂಡೆಗೆ ಬಂದಾಗ ದಾರಿಯುದ್ದಕ್ಕೂ ಮಂಡಾನ್ ಜನರ ಹಾಳು ಊರುಗಳು ಕಂಡವು. ಮಣ್ಣಿನ ಮನೆಗಳ ಗುರುತು ಮಾತ್ರ, ಒಳಗೆ ಯಾರೂ ಇಲ್ಲ. 20 ವರ್ಷದ ಹಿಂದೆ ಸಿಡುಬು ಬಂದು ಆ ಊರುಗಳನ್ನು ತೊಳೆದುಬಿಟ್ಟಿತ್ತು. ಉಳಿದ ಮಂಡಾನ್ ಜನರ ಹತ್ತಿರವೇ ಆ ತಂಡ ಚಳಿಗಾಲ ಕಳೆಯಿತು. ಶೋಷೋನಿ ಬುಡಕಟ್ಟಿನ ಸಕಾಜವಿಯಾ ಎಂಬ ಎಳೆಯ ಬಾಣಂತಿ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಅವರ ಜೊತೆ ನಡೆದಳು. ಬೆಟ್ಟ ದಾಟಲು ಕುದುರೆ ಬೇಕಾದಾಗ ಎದುರಾದ ಶೋಷೋನಿ ಮುಖ್ಯಸ್ಥ ಅವಳ ಸೋದರನೇ ಆಗಿದ್ದ. ಯಾರೂ ಇಲ್ಲದ ನಾಡನ್ನು ದಾಟಿದರು ಎನ್ನುವ ಕಥೆಯಲ್ಲಿ ಹೆಜ್ಜೆಹೆಜ್ಜೆಗೂ ಜನ ಇದ್ದರು.

ದಖ್ಖನ್ನಿನಲ್ಲೂ ಇದೇ ಗಾಯ. 1802ರಿಂದ 1804ರವರೆಗೆ ಹೋಳ್ಕರನ ಸೈನ್ಯ, ಪಿಂಡಾರಿಗಳು, ಅದರ ಮೇಲೆ ಬರಗಾಲ. ಪುಣೆಯ ಸುತ್ತ ಎಷ್ಟೋ ಊರು ಬರಿದಾದವು. ಕಂಪನಿಯ ಅಧಿಕಾರಿಗಳು 1818ರಲ್ಲಿ ಕಂಡ ಪಾಳು ಹೊಲ ಹುಟ್ಟಾ ಪಾಳಲ್ಲ, ಮಾಡಿದ ಪಾಳು. ಊರ ದಫ್ತರ ಮಾತ್ರ ಮರೆತಿರಲಿಲ್ಲ. ದಖ್ಖನ್ನಿನ ಹಳ್ಳಿಯ ಹಳೆಯ ಲೆಕ್ಕದಲ್ಲಿ ಮಿರಾಸದಾರ ಎಂದರೆ ಹೊಲದ ಮೇಲೆ ವಂಶಪಾರಂಪರ್ಯ ಹಕ್ಕುಳ್ಳವನು, ಉಪರಿ ಎಂದರೆ ಹೊರಗಿನಿಂದ ಬಂದು ಉಳುವವನು. ಇನ್ನೊಂದು ಮಾತಿದೆ, ಗತಕುಲ. ಸತ್ತುಹೋದ ಅಥವಾ ಊರು ಬಿಟ್ಟ ಮನೆತನದ ಹೊಲ. ಆ ಮನೆಯಲ್ಲಿ ದೀಪ ಹಚ್ಚುವವರು ಯಾರೂ ಇರದಿದ್ದರೂ ಹೊಲ ಆ ಮನೆತನದ ಹೆಸರಿನಲ್ಲೇ ಕುಲಕರ್ಣಿಯ ವಹಿಯಲ್ಲಿ ಮುಂದುವರಿಯುತ್ತಿತ್ತು. ಸೈಕ್ಸ್ ಈ ವಹಿಗಳನ್ನು ಮನಸ್ಸಿಟ್ಟು ಓದಿದ. ದಖ್ಖನ್ನಿನ ಭೂಹಿಡುವಳಿಯ ಮೇಲೆ ಅವನು ಬರೆದದ್ದರಲ್ಲಿ ಮಿರಾಸು ಹಕ್ಕಿನ ಹಳಮೆಯನ್ನು ಎತ್ತಿ ಹಿಡಿದ. ಅವನ ಕೆಲಸದಲ್ಲಿ ನನ್ನ ಮಟ್ಟಿಗೆ ಹಕ್ಕಿಪಟ್ಟಿಗಿಂತ ಇದು ದೊಡ್ಡದು. ನಿರ್ಜನ ಹೊಲಕ್ಕೂ ಹೆಸರಿತ್ತು ಎಂಬುದನ್ನು ಗೆದ್ದವರ ಭಾಷೆಯಲ್ಲಿ ಬರೆದಿಟ್ಟ.

ಅವನಿಗಿಂತ ಮುಂಚೆ, 1819ರಲ್ಲಿ, ಪುಣೆಯಲ್ಲಿದ್ದ ವೈದ್ಯ ಥಾಮಸ್ ಕೋಟ್ಸ್ ನಗರದ ಹತ್ತಿರದ ಲೋಣಿ ಎಂಬ ಒಂದೇ ಹಳ್ಳಿಯನ್ನು ಹಿಡಿದು ಅಲ್ಲಿಯ ಮನೆ, ಉಡುಗೆ, ಊಟ, ಸಾಲ ಎಲ್ಲವನ್ನೂ ಬರೆದಿದ್ದ. ಅದೇ ಲೋಣಿಯನ್ನು, ಅಂದರೆ ಲೋಣಿಕಂದವನ್ನು, ಸಮಾಜಶಾಸ್ತ್ರಜ್ಞ ಜಿ. ಎಸ್. ಘುರ್ಯೆ ಮತ್ತೆ ಅಧ್ಯಯನ ಮಾಡಿ 1960ರಲ್ಲಿ ಪುಸ್ತಕ ತಂದರು. ಊರು ಅದೇ ಆಗಿತ್ತು, ಬರೆಯುವ ಕೈ ಮಾತ್ರ ಈ ನಾಡಿನದಾಗಿತ್ತು.

ಸೈಕ್ಸನ ಹುದ್ದೆಯನ್ನು ಸರಕಾರ 1829ರಲ್ಲಿ ರದ್ದು ಮಾಡಿತು. ಅವನು ಕೆಲಸ ಬಿಡದೆ 1831ರ ಆರಂಭದಲ್ಲಿ ಮುಗಿಸಿ ಊರಿಗೆ ಹೋದ. ಅಲ್ಲಿ ಕಂಪನಿಯ ನಿರ್ದೇಶಕನಾದ, ಸಂಸತ್ ಸದಸ್ಯನಾದ. ಅದು ಬೇರೆ ಕಥೆ.

ಈಗ ಕಿತ್ತೂರಿನಲ್ಲಿ ಸೆರೆ ಸಿಕ್ಕ ಆ ಹುಡುಗ. ವಾಲ್ಟರ್ ಎಲಿಯಟ್ ಕೆಲವು ವಾರಗಳ ನಂತರ ಜೀವಸಹಿತ ಹೊರಬಂದ. ಮುಂದೆ ವರ್ಷಗಟ್ಟಲೆ ಧಾರವಾಡ ಸೀಮೆಯಲ್ಲೇ ಇದ್ದ. ಕರ್ನಾಟಕದ ಶಾಸನಗಳನ್ನು ನೂರುಗಟ್ಟಲೆ ಪ್ರತಿ ಮಾಡಿಸಿ ಚಾಲುಕ್ಯರ ಇತಿಹಾಸಕ್ಕೆ ತಳಪಾಯ ಹಾಕಿದವರಲ್ಲಿ ಅವನೊಬ್ಬ. ಕನ್ನಡಿಗರು ಅದನ್ನು ಬಲ್ಲರು. ಅವನ ಇಲಿಗಳ ಕಥೆ ಗೊತ್ತಿರುವವರು ಕಡಿಮೆ.

1839ರಲ್ಲಿ ಮದರಾಸಿನ ಒಂದು ಪತ್ರಿಕೆಯಲ್ಲಿ ಅವನು ದಕ್ಷಿಣ ಮರಾಠಾ ಸೀಮೆಯ, ಅಂದರೆ ನಮ್ಮ ಧಾರವಾಡ ಕಡೆಯ, ಸಸ್ತನಿಗಳ ಪಟ್ಟಿ ಪ್ರಕಟಿಸಿದ. ಪ್ರತಿ ಪ್ರಾಣಿಗೂ ಊರವರು ಏನನ್ನುತ್ತಾರೆ ಎಂದು ಬರೆದ. ಕನ್ನಡದಲ್ಲಿ ಇದು, ವಡ್ಡರ ಬಾಯಲ್ಲಿ ಇದು, ಎಂದು ಬೇರೆಬೇರೆಯಾಗಿ. ಕೆರೆ ತೋಡುವ, ಕಲ್ಲು ಒಡೆಯುವ ವಡ್ಡರಿಗಿಂತ ನೆಲದೊಳಗಿನ ಜೀವಗಳನ್ನು ಬಲ್ಲವರು ಯಾರು? ಅವರು ಮೆಟ್ಟಾಡೆ ಎಂದು ಕರೆಯುವ ಒಂದು ಹೊಲದ ಇಲಿ. ಅದು ಸ್ವಂತ ಬಿಲಕ್ಕೆ ಹೆಚ್ಚು ಕಷ್ಟಪಡುವುದಿಲ್ಲ. ಬೇಸಿಗೆಯಲ್ಲಿ ಎರಿಹೊಲ ಬಿರುಕು ಬಿಡುತ್ತದಲ್ಲ, ಕೈ ಇಳಿಬಿಟ್ಟರೆ ಮೊಣಕೈವರೆಗೆ ಹೋಗುವ ಬಿರುಕು, ಅದರೊಳಗೇ ಸಂಸಾರ ಹೂಡುತ್ತದೆ. ಮುಂಗಾರು ಸುರಿದು ಎರಿ ಉಬ್ಬಿ ಬಿರುಕು ಮುಚ್ಚಿದಾಗ ಅಸಂಖ್ಯಾತ ಇಲಿಗಳು ಒಳಗೇ ಸಾಯುತ್ತವೆ. ಮಳೆಯೇ ಇಲಿಗೆ ಲಗಾಮು.

1826ರಲ್ಲಿ ಮುಂಗಾರು ಹೊತ್ತಿಗೆ ಸರಿಯಾಗಿ ಹಿಡಿಯಲಿಲ್ಲ. ಬಿರುಕು ಮುಚ್ಚಲಿಲ್ಲ. ಇಲಿ ಹೆಚ್ಚಿದವು. ಬಿತ್ತಿದ ಬೀಜವನ್ನು ಬಿತ್ತಿದಲ್ಲೇ ತಿಂದವು. ಉಳಿದು ಬೆಳೆದ ಜೋಳದ ದಂಟು ಹತ್ತಿ ತೆನೆ ಕಡಿದು ಕೆಡವಿ ತಿಂದವು. ಹೊಲಕ್ಕೆ ಹೊಲವೇ ಬರಿದಾಗಿ ರೈತರು ಕಂದಾಯ ಕಟ್ಟಲಾರದೆ ಹೋದರು ಎಂದು ಎಲಿಯಟ್ ಕಣ್ಣಾರೆ ಕಂಡದ್ದನ್ನು ಬರೆದಿದ್ದಾನೆ. ರೈತರು ವಡ್ಡರನ್ನು ಕರೆಸಿ, ಇಂತಿಷ್ಟು ಡಜನ್ ಇಲಿಗೆ ಇಂತಿಷ್ಟು ಅಳತೆ ಕಾಳು ಎಂದು ಗೊತ್ತುಮಾಡಿದರು. ಸಾವಿರ ಸಾವಿರ ಕೊಂದರೂ ಇಲಿ ಕಡಿಮೆಯಾದಂತೆ ಕಾಣಲಿಲ್ಲವಂತೆ. ಕೊನೆಗೆ ಕಿತ್ತೂರು ಸೋತ ಮೇಲಿನ ದಿನಗಳಲ್ಲಿ ಈ ನಾಡಿನ ರೈತ ಪಟ್ಟ ಪಾಡು ಯಾವ ರಾಜಕೀಯ ಇತಿಹಾಸದಲ್ಲೂ ನಾನು ಓದಿರಲಿಲ್ಲ. ಇಲಿಯ ಪಟ್ಟಿಯೊಂದರಲ್ಲಿ ಅದು ಉಳಿದುಕೊಂಡಿದೆ.

ಎಲಿಯಟ್ ಕಳಿಸಿದ ಇಲಿಗಳಿಗೆ 1837ರಲ್ಲಿ ಲಂಡನ್ನಿನ ಜಾನ್ ಎಡ್ವರ್ಡ್ ಗ್ರೇ ಹೆಸರಿಟ್ಟ. ಮೆಟ್ಟಾಡೆ ಲ್ಯಾಟಿನ್ನಿನಲ್ಲಿ ಮೆಲ್ಟಾಡಾ ಆಯಿತು. ಪೊದೆಯಲ್ಲಿ ಗೂಡು ಕಟ್ಟುವ ಇನ್ನೊಂದು ಇಲಿಯನ್ನು ಕನ್ನಡದವರು ಗುಲಂಡಿ ಎನ್ನುತ್ತಿದ್ದರು. ಅದು ಗೋಲುಂಡಾ ಎಲಿಯೊಟಿ ಆಯಿತು. ಜಗತ್ತಿನ ಯಾವ ಮ್ಯೂಸಿಯಮ್ಮಿಗೆ ಹೋದರೂ ಆ ಇಲಿಯ ಚೀಟಿಯ ಮೇಲೆ ಧಾರವಾಡದ ಹೊಲದವರು ಬಾಯಿಮಾತಿನಲ್ಲಿ ಬಳಸಿದ ಹೆಸರೂ ಅದನ್ನು ಕಿವಿಗೊಟ್ಟು ಕೇಳಿದ ಅಧಿಕಾರಿಯ ಹೆಸರೂ ಜೊತೆಜೊತೆಗೆ ಇರುತ್ತವೆ. ಮೊದಲು ಬರುವುದು ನಮ್ಮವರ ಮಾತು. ಅದನ್ನು ಮೊದಲ ಸಲ ಓದಿದ ದಿನ ನನ್ನ ಕಣ್ಣು ತುಂಬಿ ಬಂತು.

ಇದನ್ನೆಲ್ಲ ನಾನು ಇಂದು ಹೇಳುವುದಕ್ಕೆ ಕಾರಣವಿದೆ. ಖಾಲಿ ನೆಲ ಎನ್ನುವ ಮಾತು ಕಂಪನಿಯ ಜೊತೆ ಹಡಗು ಹತ್ತಿ ಹೋಗಲಿಲ್ಲ. ಸರಕಾರಿ ಪಾಳುಭೂಮಿಯ ನಕಾಶೆಯಲ್ಲಿ ಕುರುಚಲು ಬಯಲು, ಸೊರಗಿದ ಗೋಮಾಳ ಇವೆಲ್ಲ ಇಂದಿಗೂ ವ್ಯರ್ಥ ಭೂಮಿಯ ಲೆಕ್ಕದಲ್ಲೇ ಇವೆ. ಮರ ಇಲ್ಲ, ಬೆಳೆ ಇಲ್ಲ, ಆದ್ದರಿಂದ ಏನೂ ಇಲ್ಲ. ಸಾಸವಡದ ಮಾಳ ಇರಲಿ, ನಮ್ಮ ಗದಗ ರಾಣೆಬೆನ್ನೂರಿನ ಮಡ್ಡಿ ಇರಲಿ, ಊರಿನ ಗಾಯರಾಣ ಇರಲಿ, ಅಲ್ಲಿ ತೋಳ ಮರಿ ಹಾಕುತ್ತದೆ, ಕುರುಬರ ಕುರಿ ಮೇಯುತ್ತದೆ, ಆ ಚಂಡೋಲ ಬರಿ ನೆಲದ ಮೇಲೆ ಹುಲ್ಲಿನ ಬುಡದಲ್ಲಿ ಮೊಟ್ಟೆ ಇಡುತ್ತದೆ. ದಟ್ಟವಾಗಿ ಮರ ನೆಟ್ಟರೆ ಆ ಹಕ್ಕಿ ಓಡಿಹೋಗುತ್ತದೆ. ಅದಕ್ಕೆ ಬೇಕಾದ್ದು ಬಯಲೇ. ಕಳೆದ ಚಳಿಗಾಲದಲ್ಲಿ ನಾನು ಹೋದಾಗ, ಮೊದಲು ಅದು ಕೂತು ಹಾಡಿದ್ದ ಜಾಗದಲ್ಲಿ ನಿವೇಶನಗಳ ಬಿಳಿ ಕಲ್ಲು ಸಾಲಾಗಿ ನಿಂತಿದ್ದವು. ಹಕ್ಕಿ ಇನ್ನೂ ಸ್ವಲ್ಪ ಆಚೆ, ಗುಡ್ಡದ ಓರೆಗೆ ಸರಿದಿತ್ತು.

ಧಾರವಾಡ, ಗದಗ, ಹಾವೇರಿ, ಬಾಗಲಕೋಟೆ ಕಡೆಯಿಂದ ಕೇಳುತ್ತಿರುವವರಲ್ಲಿ ನನ್ನದೊಂದು ವಿನಂತಿ. ಮನೆಯಲ್ಲಿ ಹಿರಿಯರಿದ್ದರೆ ಇಂದೇ ರಾತ್ರಿ ಊಟದ ಹೊತ್ತಿಗೆ ಕೇಳಿ. ಎರಿಹೊಲದ ಇಲಿಗೆ, ಮಡ್ಡಿಯ ಮೇಲಿನ ಜುಟ್ಟಿನ ಹಕ್ಕಿಗೆ, ಊರಾಚೆಯ ಬಯಲಿಗೆ ನಿಮ್ಮೂರಲ್ಲಿ ಏನನ್ನುತ್ತಿದ್ದರು ಎಂದು ಕೇಳಿ. ಅವರು ಹೇಳಿದ ಹಾಗೆಯೇ, ತಿದ್ದದೆ, ಊರಿನ ಹೆಸರು ಸಹಿತ ಒಂದು ವಹಿಯಲ್ಲಿ ಬರೆದಿಡಿ. ಬೆಳಗಾದ ಮೇಲೆ ಆ ವಹಿ ಹಿಡಿದು ಒಮ್ಮೆ ನಿಮ್ಮೂರ ಮಡ್ಡಿಯ ಕಡೆ ನಡೆದು ಬನ್ನಿ.